ಬಿಲ್ಟಿಯಲ್ಲಿ ‘ಫ್ಯಾನ್ಸಿ ಸಾಮಾನು’ ಅಂತ ಬರೆದಿತ್ತು

ಹುಬ್ಬಳ್ಳಿಯ ಗಬ್ಬೂರು ಬೈಪಾಸ್ ಕಡೆ ಒಂದು ಪಾರ್ಸೆಲ್ ಟ್ರಾನ್ಸ್‌ಪೋರ್ಟ್‌ನಲ್ಲಿ ಬುಕಿಂಗ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯ್ತು. ಬೆಳಿಗ್ಗೆ ಬೆಂಗಳೂರು ಗಾಡಿ ಬರುತ್ತದೆ, ಮಧ್ಯಾಹ್ನ ಗದಗ, ಹಾವೇರಿ, ರಾಣೆಬೆನ್ನೂರಿನ ಸಣ್ಣ ಗಾಡಿಗಳು, ಸಂಜೆ ಮತ್ತೆ ಲೋಡಿಂಗ್. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಬಿಲ್ಟಿ, ಅಂದರೆ ಸರಕಿನ ಜೊತೆ ಹೋಗುವ ರಸೀದಿ, ಹರಿದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಬೇರೆಯವರು ಬರೆದ ಒಂದನ್ನು ಮಾತ್ರ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಸರಕಿನ ವಿವರ ಬರೆಯುವ ಜಾಗದಲ್ಲಿ ಎರಡೇ ಪದ ಇವೆ. ಫ್ಯಾನ್ಸಿ ಸಾಮಾನು.

2025ರ ಏಪ್ರಿಲ್‌ನ ಒಂದು ಬೆಳಿಗ್ಗೆ. ಎಂಟು ಗಂಟೆ ಇರಬೇಕು. ಬೆಂಗಳೂರು ಗಾಡಿ ಖಾಲಿ ಆಗಿತ್ತು, ಹಮಾಲರು ಬಾಕ್ಸ್‌ಗಳನ್ನು ಊರಿನ ಪ್ರಕಾರ ಬೇರೆ ಬೇರೆ ಜೋಡಿಸುತ್ತಿದ್ದರು. ನಮ್ಮ ಕ್ಯಾಬಿನ್ ಗೋಡೆಗೆ ಸಿದ್ಧಾರೂಢರ ಫೋಟೋ ಇದೆ. ಅದರ ಮುಂದಿನ ಹಲಗೆ ಮೇಲೆ ದೀಪ ಹಚ್ಚಿ, ಊದಿನಕಡ್ಡಿ ಹಚ್ಚಿ, ಆಮೇಲೆ ಮೊದಲ ಬಿಲ್ಟಿ ಬರೆಯೋದು. ಅವತ್ತೂ ಹಾಗೇ ಮಾಡಿದ್ದೆ. ಗೋಡೌನ್ ತುಂಬ ಒಳ್ಳೆ ಸುವಾಸನೆ ಬರುತ್ತಿತ್ತು. ಊದಿನಕಡ್ಡಿಯದೇ ಇರಬೇಕು ಅಂದುಕೊಂಡೆ. ಹಮಾಲರಲ್ಲಿ ಒಬ್ಬ ಹುಡುಗ, "ಇವತ್ತ ಗೋಡೌನ್ ಮದವಿ ಮನಿ ವಾಸನಿ ಬರಾಕತ್ತೈತಿ" ಅಂದ. ಎಲ್ಲರೂ ನಕ್ಕರು.

ನಮ್ಮಲ್ಲಿ ವಯಸ್ಸಾದ ಹಮಾಲರೊಬ್ಬರು ಇದ್ದಾರೆ, ಎಲ್ಲರಿಗೂ ಅವರು ಕಾಕಾ. ತೂಕದ ಯಂತ್ರದ ಪಕ್ಕ ಇದ್ದ ಒಂದು ರಟ್ಟಿನ ಬಾಕ್ಸ್ ಎತ್ತಲು ಹೋದವರು ಕೈ ಹಿಂದೆ ತೆಗೆದುಕೊಂಡರು.

"ಸಾಹೇಬ್ರ, ಈ ಬಾಕ್ಸ್ ಬುಡಕ ತಣ್ಣಗೈತಿ ನೋಡ್ರಿ. ಬರ್ಫ ಮುಟ್ಟಿದಂಗ ಆತು."

ಏಪ್ರಿಲ್ ತಿಂಗಳು, ತಗಡಿನ ಮೇಲ್ಛಾವಣಿ, ಒಳಗೆ ಆಗಲೇ ಬೆವರು ಇಳಿಯುತ್ತಿತ್ತು. ಅಂಥದ್ದರಲ್ಲಿ ಒಂದು ಬಾಕ್ಸ್ ತಣ್ಣಗಿದೆ ಅಂದರೆ ಏನು ಅರ್ಥ? ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಬಾಕ್ಸಿನ ಒಂದು ಮೂಲೆ ಜಜ್ಜಿತ್ತು. ಗಾಡಿಯಲ್ಲಿ ಅದರ ಮೇಲೆ ನೀರೆತ್ತುವ ಮೋಟಾರಿನ ಪೆಟ್ಟಿಗೆ ಕೂತಿತ್ತಂತೆ. ಜಜ್ಜಿದ ಜಾಗದಲ್ಲಿ ರಟ್ಟು ಒದ್ದೆಯಾಗಿತ್ತು, ಹರಿದ ಸಂದಿಯಲ್ಲಿ ಒಂದು ಡಬ್ಬಿಯ ಕತ್ತು ಕಾಣುತ್ತಿತ್ತು, ಆ ಕತ್ತಿನ ಸುತ್ತ ಉಪ್ಪು ಉದುರಿಸಿದ ಹಾಗೆ ಬೆಳ್ಳಗೆ ಹಿಮ ಕಟ್ಟಿತ್ತು. ಕಿವಿ ಕೊಟ್ಟಾಗ ಸುಂಯ್ ಅಂತ ತೀರಾ ಸಣ್ಣ ಸದ್ದು. ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಕೇಳಿಸುತ್ತಲೇ ಇರಲಿಲ್ಲ.

ಗ್ಯಾಸ್ ಅಂತ ಗೊತ್ತಾಯ್ತು. ಗೊತ್ತಾದ ತಕ್ಷಣ ನಾನು ಮಾಡಿದ್ದು ಏನು ಗೊತ್ತಾ? ನೇರ ಗೋಡೆ ಕಡೆ ಹೋದೆ, ಗಾಳಿ ಹೊರಗೆ ಹಾಕುವ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಹಾಕೋಣ ಅಂತ. ಗ್ಯಾಸ್ ಹೊರಗೆ ಹೋಗಲಿ ಅನ್ನುವ ಒಳ್ಳೆ ಉದ್ದೇಶವೇ. ಕೈ ಸ್ವಿಚ್ಚಿನ ಹತ್ತಿರ ಇತ್ತು. ಆಗ ಬಾಗಿಲ ಕಡೆಯಿಂದ ಒಂದು ದನಿ ಬಂತು.

"ಸ್ವಿಚ್ ಮುಟ್ಟಬ್ಯಾಡ್ರೀ! ಹಂಗ ನಿಂದರ್ರಿ!"

ಹಾವೇರಿ ಕಡೆಯ ಡ್ರೈವರ್ ಅಣ್ಣ. ನಮ್ಮಲ್ಲಿಗೆ ಬರುವ ಮುಂಚೆ ಅವನು ಗ್ಯಾಸ್ ಟ್ಯಾಂಕರ್ ಓಡಿಸುತ್ತಿದ್ದ. ಅಪಾಯದ ಸರಕು ಸಾಗಿಸುವ ಚಾಲಕರಿಗೆ ನಮ್ಮ ದೇಶದ ಮೋಟಾರು ವಾಹನ ನಿಯಮಗಳ ಪ್ರಕಾರ ಮೂರು ದಿನದ ತರಬೇತಿ ಆಗಬೇಕು, ಲೈಸೆನ್ಸ್ ಮೇಲೆ ಅದರ ಗುರುತು ಹಾಕಿಸಬೇಕು. ಅವನಿಗೆ ಆ ತರಬೇತಿ ಆಗಿತ್ತು. ಆ ಮೂರು ದಿನದ ಪಾಠ ಅವತ್ತು ನಮ್ಮೆಲ್ಲರನ್ನೂ ಕಾಯ್ತು ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅವನು ಓಡಲಿಲ್ಲ. ಕೂಗಾಡಲಿಲ್ಲ. ದೀಪ ಬಾಗಿಲ ಪಕ್ಕದಲ್ಲೇ ಇತ್ತು, ಬಾಕ್ಸಿನಿಂದ ದೂರ, ಹೊರಗಿನ ಗಾಳಿ ಅಲ್ಲಿಂದ ಒಳಗೆ ಬೀಸುತ್ತಿತ್ತು. ಹೋಗಿ ಬತ್ತಿಯನ್ನು ಎರಡು ಬೆರಳಲ್ಲಿ ಹಿಸುಕಿದ, ಊದಿನಕಡ್ಡಿಯನ್ನು ತಂಬಿಗೆ ನೀರಿಗೆ ಅದ್ದಿದ. ಆಮೇಲೆ ಒಬ್ಬೊಬ್ಬರ ಮುಖ ನೋಡಿ ಹೇಳಿದ. ಎಲ್ಲಾರೂ ಹೊರಗ ನಡೀರಿ. ಏನನ್ನೂ ಎಳೀಬ್ಯಾಡ್ರಿ, ಟ್ರಾಲಿ ದೂಡಬ್ಯಾಡ್ರಿ. ಫೋನ್ ಕಿಸೆಯೊಳಗ ಇರ್ಲಿ, ತಗೀಬ್ಯಾಡ್ರಿ. ಹೊರಗೆ ನಿಂತಿದ್ದ ಗಾಡಿಯನ್ನು ದೂರ ಒಯ್ಯುತ್ತೇನೆ ಅಂತ ಇನ್ನೊಬ್ಬ ಡ್ರೈವರ್ ಕ್ಯಾಬಿನ್ ಹತ್ತುತ್ತಿದ್ದ. ಅವನನ್ನೂ ಇಳಿಸಿದ. ಗಾಡಿ ಸ್ಟಾರ್ಟ್ ಮಾಡಿದರೆ ಅಲ್ಲೂ ಕಿಡಿ, ಅಲ್ವಾ?

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿ ಆ ಕಡೆಗೆ ನಮ್ಮನ್ನು ನಡೆಸಿಕೊಂಡು ಹೋದ. ನನಗೆ ಹೊಳೆಯದೇ ಇದ್ದ ಇನ್ನೊಂದು ವಿಷಯ ಅವನಿಗೆ ಹೊಳೀತು. ಗೋಡೌನಿನಿಂದ ನಲವತ್ತು ಹೆಜ್ಜೆಯಲ್ಲಿ ಒಂದು ಚಹಾದಂಗಡಿ ಇದೆ, ಅಲ್ಲಿ ಸ್ಟೋವ್ ಭರ್ ಅಂತ ಉರಿಯುತ್ತಿತ್ತು. ಅಂಗಡಿಯವರ ಹತ್ತಿರ ಹೋಗಿ, "ಅಣ್ಣಾ, ಒಂದ್ ತಾಸು ಒಲಿ ಆರ್ಸು, ಆಮ್ಯಾಲ ಹೇಳ್ತೀನಿ" ಅಂದ. ಅವರು ಕುದಿಯುವ ಚಹಾ ಅಲ್ಲಿಗೇ ಬಿಟ್ಟು ಆರಿಸಿದರು. ಒಂದು ಮಾತು ಕೇಳಲಿಲ್ಲ. ಅವರಿಗೂ ನಾನು ಋಣಿ. ಅಷ್ಟೆಲ್ಲ ಆದ ಮೇಲೆ, ದೂರ ಬಂದ ಮೇಲೆ, 112ಕ್ಕೆ ಫೋನ್ ಮಾಡಿದೆವು.

ಅಗ್ನಿಶಾಮಕದವರು ಬಂದರು. ಗಾಡಿಯಿಂದ ಇಳಿದವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಬೆಂಕಿ ಎಲ್ಲಿದೆ ಅಂತಲ್ಲ, ಎಷ್ಟು ಹೊತ್ತಾಯ್ತು ಅಂತಲ್ಲ.

"ಒಳಗ ಏನೈತಿ?"

ನನ್ನ ಕೈಯಲ್ಲಿ ಬಿಲ್ಟಿ ಇತ್ತು. ಕೊಟ್ಟೆ. ಅವರು ಓದಿದರು. ಫ್ಯಾನ್ಸಿ ಸಾಮಾನು. ನನ್ನ ಮುಖ ನೋಡಿದರು. ಆ ನೋಟ ನನಗೆ ಇನ್ನೂ ಮರೆತಿಲ್ಲ. ಬೈಗುಳ ಇರಲಿಲ್ಲ ಅದರಲ್ಲಿ. ಒಳಗೆ ಹೋಗಬೇಕಾದವರು ಅವರು, ಒಳಗೆ ಏನಿದೆ ಅಂತ ಹೇಳಬೇಕಾದವನು ನಾನು, ನನಗೆ ಗೊತ್ತಿರಲಿಲ್ಲ.

ಕಳಿಸಿದವರ ನಂಬರಿಗೆ ಫೋನ್ ಮಾಡಿದೆವು, ಎತ್ತಲಿಲ್ಲ. ಮಾಲು ತರಿಸಿದ ಅಂಗಡಿಯವರು ದಾಜಿಬಾನ್ ಪೇಟೆಯವರು, ಅವರು ಆಗಷ್ಟೇ ಅಂಗಡಿ ತೆಗೆಯುತ್ತಿದ್ದರು. ಅವರಿಂದ ತಿಳಿದದ್ದು ಹೀಗೆ: ಬಾಕ್ಸಿನಲ್ಲಿ ಮೈಗೆ ಹೊಡೆದುಕೊಳ್ಳುವ ಸೆಂಟ್ ಸ್ಪ್ರೇ, ಲೈಟರಿಗೆ ಗ್ಯಾಸ್ ತುಂಬುವ ಡಬ್ಬಿಗಳು, ಒಂದಿಷ್ಟು ಲೈಟರ್‌ಗಳು. ಇಷ್ಟು ತಿಳಿಯಲು ಕಾಲು ಗಂಟೆ ಹಿಡಿಯಿತು. ಆ ಕಾಲು ಗಂಟೆ ಸಿಬ್ಬಂದಿ ಒಳಗೆ ಹೋಗಲಿಲ್ಲ, ಹೋಗಬಾರದು ಕೂಡ. ತಿಳಿದ ಮೇಲೆ ಅವರ ಕೆಲಸ ಸರಸರ ನಡೆಯಿತು. ನೀರನ್ನು ಮಂಜಿನ ಹಾಗೆ ಸಿಂಪಡಿಸುತ್ತ ಹಿಂದಿನ ಶಟರ್‌ಗೆ ನೀರು ಹಾಕಿ ಕೈಯಿಂದ ನಿಧಾನವಾಗಿ ಎತ್ತಿದರು. ಗಾಳಿ ಆ ಕಡೆಯಿಂದ ಈ ಕಡೆಗೆ ಆಡಲು ಬಿಟ್ಟರು. ಸಾಕಷ್ಟು ಹೊತ್ತು ಕಾದು ಬಾಕ್ಸನ್ನು ಹಿಂದಿನ ಬಯಲಿಗೆ ಒಯ್ದರು. ಒಡೆದದ್ದು ಮೂರು ಡಬ್ಬಿ. ಎರಡು ಲೈಟರ್ ಗ್ಯಾಸಿನವು, ಒಂದು ಸೆಂಟಿನದು. ಮೂರೇ!

ಗೋಡೌನ್ ತುಂಬಿದ್ದ ‘ಮದುವೆ ಮನೆ ವಾಸನೆ’ ಆ ಒಂದು ಸೆಂಟಿನ ಡಬ್ಬಿಯದು. ಉಳಿದ ಎರಡು ಡಬ್ಬಿಯ ಗ್ಯಾಸಿಗೆ ಹೆಚ್ಚು ಕಡಿಮೆ ವಾಸನೆಯೇ ಇರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ತಲೆಯಲ್ಲಿ ಗ್ಯಾಸ್ ಅಂದರೆ ಒಂದು ಕೆಟ್ಟ ವಾಸನೆ ಅಂತ ಕೂತುಬಿಟ್ಟಿದೆ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ನಮಗೆ ಗೊತ್ತಾಗಲಿ ಅಂತ ಅದಕ್ಕೆ ಮರ್ಕ್ಯಾಪ್ಟಾನ್ ಎಂಬ ಕೊಳೆತ ವಾಸನೆಯ ಪದಾರ್ಥ ಬೆರೆಸುತ್ತಾರೆ. ಸೆಂಟ್ ಸ್ಪ್ರೇಯಲ್ಲಿ ಸೆಂಟನ್ನು ಹೊರಗೆ ತಳ್ಳಲು ಇರುವುದೂ ಸಾಮಾನ್ಯವಾಗಿ ಅದೇ ಬ್ಯುಟೇನ್, ಪ್ರೊಪೇನ್. ಅಂದರೆ ಅಡುಗೆ ಸಿಲಿಂಡರಿನಲ್ಲಿ ಇರುವಂಥ ಗ್ಯಾಸೇ. ಆದರೆ ಅದರಲ್ಲಿ ಕೆಟ್ಟ ವಾಸನೆ ಬೆರೆಸಿದರೆ ಯಾರು ಮೈಗೆ ಹೊಡೆದುಕೊಳ್ಳುತ್ತಾರೆ? ಹಾಗಾಗಿ ಅದು ಮಲ್ಲಿಗೆ ವಾಸನೆಯ ಜೊತೆಗೇ ಬರುತ್ತದೆ, ನಾವು ಮೂಗರಳಿಸಿ ನಿಂತಿರುತ್ತೇವೆ.

ಲೆಕ್ಕ ಹಾಕಿ ನೋಡಿ. ದ್ರವರೂಪದ ಗ್ಯಾಸ್ ಒಂದು ಲೀಟರ್ ಹೊರಗೆ ಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಕಿಡಿ ತಾಗಿದ ಕೂಡಲೇ ಹತ್ತಿಕೊಳ್ಳುತ್ತದೆ. ಅಂದರೆ ಒಂದು ಲೀಟರ್ ದ್ರವ ಸುಮಾರು 12,500 ಲೀಟರ್ ಗಾಳಿಯನ್ನು ಸುಡುವ ಗಾಳಿಯಾಗಿ ಮಾಡಬಲ್ಲದು. ನಮ್ಮ ಮನೆಗಳ ಒಂದು ಸಣ್ಣ ಬಚ್ಚಲ ಮನೆ ಅಷ್ಟಿರುತ್ತದೆ. ಇನ್ನೊಂದು ವಿಷಯ, ಈ ಗ್ಯಾಸ್ ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು. ಮೇಲೆ ಹೋಗಿ ಕಿಟಕಿಯಿಂದ ಹಾರಿಹೋಗುವುದಿಲ್ಲ. ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ, ಮಂಚದ ಕೆಳಗೆ, ಗಟಾರಿಗೆ, ಮೆಟ್ಟಿಲ ಬುಡಕ್ಕೆ ಇಳಿದು ಅಲ್ಲೇ ಕೂರುತ್ತದೆ. ದೂರದಲ್ಲಿ ಎಲ್ಲೋ ಬೆಂಕಿ ಸಿಕ್ಕರೆ ಅಲ್ಲಿಂದ ಹತ್ತಿಕೊಂಡು ಹರಿದ ದಾರಿಯಲ್ಲೇ ವಾಪಸ್ ಬರುತ್ತದೆ. ಚಹಾದಂಗಡಿ ಒಲೆ ಯಾಕೆ ಆರಿಸಿದ ಅಂತ ಆಮೇಲೆ ನನಗೆ ಅರ್ಥವಾಯ್ತು.

ಇದು ನಡೆಯುವ ನಾಲ್ಕು ತಿಂಗಳ ಮುಂಚೆ, 2024ರ ಡಿಸೆಂಬರ್‌ನಲ್ಲಿ, ನಮ್ಮ ಹುಬ್ಬಳ್ಳಿಯಲ್ಲೇ ಉಣಕಲ್ ಕಡೆ ಅಯ್ಯಪ್ಪ ಮಾಲಾಧಾರಿಗಳು ರಾತ್ರಿ ಮಲಗಿದ್ದ ಕೋಣೆಯಲ್ಲಿ ಸಿಲಿಂಡರ್ ಗ್ಯಾಸ್ ಸೋರಿ ಬೆಂಕಿ ಹತ್ತಿತು. ಒಂಬತ್ತು ಜನ ಸುಟ್ಟುಕೊಂಡರು. ಕಿಮ್ಸ್ ಆಸ್ಪತ್ರೆಗೆ ಸೇರಿಸಿದರು, ಊರಿಗೆ ಊರೇ ಹರಕೆ ಹೊತ್ತಿತ್ತು. ಆದರೂ ಅವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ನೆಲದ ಮೇಲೆ ಮಲಗಿದವರು. ನೆಲ ಹಿಡಿದು ಹರಿಯುವ ಗ್ಯಾಸು. ಈ ಎರಡು ಮಾತನ್ನು ಜೊತೆಗಿಟ್ಟು ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಸಿಲಿಂಡರ್ ಇಟ್ಟ ಕೋಣೆಯಲ್ಲಿ ಯಾರೂ ಮಲಗಬೇಡಿ. ಮದುವೆ ಛತ್ರದಲ್ಲಿ, ಪಾದಯಾತ್ರೆಯ ತಂಗುದಾಣದಲ್ಲಿ, ಹೊಲದ ಶೆಡ್ಡಿನಲ್ಲಿ, ಎಲ್ಲೂ ಬೇಡ.

ನಮ್ಮ ಗೋಡೌನಿನ ಘಟನೆ ಆದ ಮೇಲೆ ಡ್ರೈವರ್ ಅಣ್ಣನ ಹತ್ತಿರ ಕೂತು ತುಂಬಾ ಕೇಳಿದೆ, ಅಗ್ನಿಶಾಮಕ ಠಾಣೆಗೂ ಹೋಗಿ ಬಂದೆ, ಸಿಕ್ಕಿದ್ದನ್ನು ಓದಿದೆ. ಸರಕು ಸಾಗಣೆಗೆ ಅಂತ ಜಗತ್ತಿನಲ್ಲೆಲ್ಲ ನಡೆಯುವ ಒಂದು ನಂಬರಿನ ಪದ್ಧತಿ ಇದೆ, ವಿಶ್ವಸಂಸ್ಥೆಯವರು ಮಾಡಿದ್ದು. ಪ್ರತಿ ಅಪಾಯದ ಪದಾರ್ಥಕ್ಕೂ ನಾಲ್ಕಂಕಿಯ ಒಂದು ಸಂಖ್ಯೆ. ಅಡುಗೆ ಗ್ಯಾಸ್ 1075. ಸ್ಪ್ರೇ ಡಬ್ಬಿ 1950. ಲೈಟರ್ 1057. ಗ್ಯಾಸ್ ತುಂಬಿದ ಸಣ್ಣ ಡಬ್ಬಿ 2037. ಉರಿಯುವ ಗ್ಯಾಸ್ ಒಳಗಿರುವ ಫ್ರಿಜ್‌ನಂಥ ಯಂತ್ರಗಳಿಗೆ 3358. ಬೇರೆ ಯಾವ ಹೆಸರಿನಲ್ಲೂ ಬರದ, ಆದರೆ ಒಳಗೆ ಉರಿಯುವ ಗ್ಯಾಸ್ ಇರುವ ವಸ್ತುಗಳಿಗೆ ಅಂತಲೇ 3537 ಎಂಬ ಸಂಖ್ಯೆ ಇದೆ. ಈ ಕೊನೆಯದನ್ನು ಓದಿ ನಾನು ಸುಮ್ನೆ ಕೂತುಬಿಟ್ಟೆ. ಹೆಸರು ಹೇಳಲು ಬರದ ವಸ್ತುವಿಗೂ ಅವರು ಒಂದು ಸಂಖ್ಯೆ ಇಟ್ಟಿದ್ದಾರೆ, ಬೆಂಕಿ ಆರಿಸಲು ಬರುವವನಿಗೆ ಒಳಗೆ ಏನಿದೆ ಅಂತ ಗೊತ್ತಾಗಲಿ ಅಂತ. ನಾವು ಫ್ಯಾನ್ಸಿ ಸಾಮಾನು ಅಂತ ಬರೆಯುತ್ತೇವೆ.

ದೊಡ್ಡ ಕಂಪನಿಗಳಿಂದ ಬರುವ ಬಾಕ್ಸ್ ಮೇಲೆ ಕೆಲವೊಮ್ಮೆ ಗುರುತು ಇರುತ್ತದೆ, ಮೂಲೆ ಮೇಲೆ ನಿಲ್ಲಿಸಿದ ಕೆಂಪು ಚೌಕ, ನಡುವೆ ಬೆಂಕಿಯ ಚಿತ್ರ, ಕೆಳಗಿನ ಮೂಲೆಯಲ್ಲಿ 2 ಅನ್ನುವ ಅಂಕಿ. ಹಮಾಲರಿಗೆಲ್ಲ ಈಗ ಆ ಗುರುತು ಗೊತ್ತು. ಕಷ್ಟ ಇರೋದು ಗುರುತು ಇಲ್ಲದ ಬಾಕ್ಸ್‌ಗಳದ್ದು, ಅಂಗಡಿಯಲ್ಲಿ ಬಿಡಿಸಿ ಬೇರೆ ರಟ್ಟಿಗೆ ತುಂಬಿದ್ದು. ಬಾಡಿಗೆ ಜಾಸ್ತಿ ಆಗುತ್ತೆ, ತಗೊಳ್ಳಲ್ಲ ಅಂತಾರೆ ಅಂತ ಮುಚ್ಚಿಡುತ್ತಾರೆ. ನನ್ನಂಥವರು ಗಿರಾಕಿ ತಪ್ಪಬಾರದು ಅಂತ ಕೇಳದೆ ಬರೆಯುತ್ತೇವೆ. ಆ ಬಿಲ್ಟಿ ನಾನು ಬರೆದದ್ದಲ್ಲ, ಆದರೆ ಅಂಥದ್ದನ್ನು ನಾನೂ ಎಷ್ಟೋ ಸಲ ಬರೆದಿದ್ದೇನೆ. ಒಪ್ಪಿಕೊಳ್ಳಲೇಬೇಕು.

ಅಮೆರಿಕ, ಕೆನಡಾ, ಮೆಕ್ಸಿಕೋ ದೇಶಗಳು ಸೇರಿ ಅಪಘಾತದ ಜಾಗಕ್ಕೆ ಮೊದಲು ಹೋಗುವವರಿಗಾಗಿ ಒಂದು ಕೈಪಿಡಿ ತರುತ್ತವೆ, ಡ್ರೈವರ್ ಅಣ್ಣ ತರಬೇತಿಯಲ್ಲಿ ಅದರ ಬಗ್ಗೆ ಕೇಳಿದ್ದನಂತೆ. ಉರಿಯುವ ಗ್ಯಾಸಿನ ಪುಟದ ಸಂಖ್ಯೆ 115. ಸೋರಿಕೆ ಅಂದ ಕೂಡಲೇ ಸುತ್ತ ಕನಿಷ್ಠ 100 ಮೀಟರ್ ಖಾಲಿ ಮಾಡಿಸಿ, ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಹೋಗಿ ನಿಲ್ಲಿ, ತಗ್ಗಿನ ಜಾಗ ಬಿಡಿ ಅನ್ನುತ್ತದೆ. ಟ್ಯಾಂಕರಿಗೇ ಬೆಂಕಿ ಬಿದ್ದರೆ 1600 ಮೀಟರ್. ಅಂದರೆ ಒಂದು ಮೈಲಿ! ನಮ್ಮ ಬೈಪಾಸ್ ಮೇಲೆ ಟ್ಯಾಂಕರ್ ಉರುಳಿದರೆ ನಾವು ಏನು ಮಾಡುತ್ತೇವೆ? ಬೈಕ್ ನಿಲ್ಲಿಸಿ ವಿಡಿಯೋ ಮಾಡುತ್ತೇವೆ. 2024ರ ಡಿಸೆಂಬರ್ 20ರಂದು ಜೈಪುರದ ಅಜ್ಮೇರ್ ರಸ್ತೆಯಲ್ಲಿ ಟ್ಯಾಂಕರಿಗೆ ಲಾರಿ ಗುದ್ದಿ ಗ್ಯಾಸ್ ಸೋರಿತು, ರಸ್ತೆ ಮೇಲೆ ಹರಡಿತು, ಆಮೇಲೆ ಹತ್ತಿಕೊಂಡಿತು. ಹಿಂದೆ ಮುಂದೆ ಇದ್ದ ಬಸ್ಸು, ಕಾರು, ಲಾರಿಗಳೆಲ್ಲ ಅದರೊಳಗೆ ಸಿಕ್ಕಿಬಿದ್ದವು. ರಸ್ತೆ ಮೇಲೆ ಬೆಳ್ಳನೆ ಮಂಜಿನ ಹಾಗೆ ಕಂಡರೆ ದಯವಿಟ್ಟು ಅದರೊಳಗೆ ಗಾಡಿ ಹೊಡೆಯಬೇಡಿ. ದೂರದಲ್ಲೇ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಇಳಿದು ಹಿಂದಕ್ಕೆ ನಡೆಯಿರಿ.

ಆಗಲೇ ಬೆಂಕಿ ಹತ್ತಿದ್ದರೆ? ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಮಾತಿದೆ, ನನಗೂ ಗೊತ್ತಿರಲಿಲ್ಲ. ಗ್ಯಾಸ್ ಬಂದ್ ಮಾಡಲು ಆಗುವ ಹಾಗಿದ್ದರೆ ಮಾತ್ರ ಬೆಂಕಿ ಆರಿಸಬೇಕು. ಬಂದ್ ಮಾಡಲು ಆಗದೆ ಬರೀ ಉರಿ ಆರಿಸಿದರೆ ಗ್ಯಾಸ್ ಸೋರುತ್ತಲೇ ಇರುತ್ತದೆ, ಕಣ್ಣಿಗೆ ಕಾಣದೆ ಜಮೆ ಆಗುತ್ತದೆ, ಮುಂದಿನ ಕಿಡಿಗೆ ಇಡೀ ಮನೆ ಹೋಗುತ್ತದೆ. ಉರಿಯುತ್ತಿರುವ ಗ್ಯಾಸ್ ಕಡೇಪಕ್ಷ ಎಲ್ಲಿದೆ ಅಂತ ಕಾಣುತ್ತದೆ. ಅಗ್ನಿಶಾಮಕದವರು ಶಾಲೆಗಳಲ್ಲಿ ಒದ್ದೆ ಗೋಣಿಚೀಲ ಹಾಕಿ ಸಿಲಿಂಡರ್ ಬೆಂಕಿ ಆರಿಸಿ ತೋರಿಸುತ್ತಾರಲ್ಲ, ಅದನ್ನು ಎಲ್ಲರೂ ನೋಡಿದ್ದೇವೆ. ಆದರೆ ಆ ಚೀಲದ ಜೊತೆಗೇ ಅವರ ಇನ್ನೊಂದು ಕೈ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡುತ್ತದೆ, ಅದನ್ನು ನಾವು ಗಮನಿಸುವುದಿಲ್ಲ. ಚೀಲ ಅರ್ಧ ಕೆಲಸ. ಬಂದ್ ಮಾಡೋದೇ ಪೂರ್ತಿ ಕೆಲಸ. ರೆಗ್ಯುಲೇಟರಿಗೆ ಕೈ ಹೋಗಲ್ಲ ಅಂದರೆ ಜನರನ್ನು ಕರೆದುಕೊಂಡು ಹೊರಗೆ ಹೋಗಿ.

ಸಿಲಿಂಡರ್ ಮೈಗೆ ಬೇರೆ ಕಡೆಯಿಂದ ಬೆಂಕಿ ತಾಗುತ್ತಿದ್ದರೆ ಅದು ಇನ್ನೂ ಕೆಟ್ಟದ್ದು. ಒಳಗಿನ ದ್ರವ ಕುದಿಯುತ್ತದೆ, ಒತ್ತಡ ಏರುತ್ತದೆ, ಕಾದ ಉಕ್ಕು ಮೆತ್ತಗಾಗುತ್ತದೆ, ಒಂದು ಕ್ಷಣದಲ್ಲಿ ಸೀಳುತ್ತದೆ. ಅಗ್ನಿಶಾಮಕದವರು ದೂರದಿಂದ ನೀರು ಹೊಡೆಯುವುದು ಬೆಂಕಿಗಿಂತ ಜಾಸ್ತಿ ಸಿಲಿಂಡರಿನ ಮೈ ತಣ್ಣಗೆ ಮಾಡಲು. ಸೋರುವ ಬಾಯಿಗೆ ನೇರವಾಗಿ ನೀರು ಹೊಡೆಯಬಾರದಂತೆ, ಅಲ್ಲಿ ಹಿಮ ಕಟ್ಟಿ ಬಿಗಿದುಕೊಳ್ಳುತ್ತದೆ. ಟ್ಯಾಂಕರಿನ ಸೇಫ್ಟಿ ವಾಲ್ವಿನ ಸದ್ದು ಏರುತ್ತಾ ಹೋದರೆ, ಅಥವಾ ಟ್ಯಾಂಕಿನ ಬಣ್ಣ ಬದಲಾದರೆ, ತರಬೇತಿ ಆದ ಸಿಬ್ಬಂದಿಯೂ ಎಲ್ಲ ಬಿಟ್ಟು ಹಿಂದೆ ಸರಿಯಬೇಕು. ಅವರೇ ಹಿಂದೆ ಸರಿಯುವಾಗ ನಾವು ಮುಂದೆ ಹೋಗಬಾರದು. ಸ್ಪ್ರೇ ಡಬ್ಬಿಗಳ ಬೆಂಕಿಯಲ್ಲಿ ಡಬ್ಬಿಗಳು ರಾಕೆಟ್ ಹಾಗೆ ದಿಕ್ಕಾಪಾಲಾಗಿ ಹಾರುತ್ತವೆ. ಹೋಳಿ ಹುಣ್ಣಿಮೆಯಲ್ಲಿ ಕಾಮಣ್ಣನ ಬೆಂಕಿಗೆ ಹುಡುಗರು ಸಿಕ್ಕಿದ್ದೆಲ್ಲ ಹಾಕುತ್ತಾರೆ, ಖಾಲಿ ಸ್ಪ್ರೇ ಡಬ್ಬಿಯನ್ನೂ. ಖಾಲಿ ಅಂದುಕೊಂಡದ್ದು ಖಾಲಿ ಇರುವುದಿಲ್ಲ. ಓಣಿಯ ಹಿರಿಯರು ಇದೊಂದನ್ನು ನೋಡಿಕೊಳ್ಳಬೇಕು. ಹುಟ್ಟುಹಬ್ಬದಲ್ಲಿ ಮೇಣದಬತ್ತಿ ಉರಿಯುವಾಗಲೇ ಹುಡುಗರ ತಲೆ ಮೇಲೆ ಹೊಡೆಯುವ ನೊರೆ ಸ್ಪ್ರೇ ಕೂಡ ಹೀಗೇ, ಅದನ್ನು ನಾನು ನನ್ನ ಅಕ್ಕನ ಮನೆಯಲ್ಲಿ ನಿಲ್ಲಿಸಿಬಿಟ್ಟಿದ್ದೇನೆ.

ಮೈಗೆ ಬೆಂಕಿ ತಗುಲಿದವರಿಗೆ ತಣ್ಣೀರು ಹಾಕುತ್ತಾ ಇರಬೇಕು, ಒಂದು ತಂಬಿಗೆ ಹಾಕಿ ಬಿಡೋದಲ್ಲ, ಆದಷ್ಟು ಹೆಚ್ಚು ಹೊತ್ತು. ಮೈಗೆ ಅಂಟಿಕೊಂಡ ಬಟ್ಟೆ ಕೀಳಬಾರದು. ಅರಿಶಿನ, ಟೂತ್‌ಪೇಸ್ಟ್, ಶಾಯಿ ಏನೂ ಬೇಡ. ಸೋರುವ ದ್ರವ ಗ್ಯಾಸ್ ಕೈಗೆ ತಾಗಿದರೆ ಅದೂ ಸುಟ್ಟ ಹಾಗೇ, ಆದರೆ ಶೀತದಿಂದ. ಅದಕ್ಕೆ ಉಗುರು ಬೆಚ್ಚಗಿನ ನೀರು, ಉಜ್ಜಬಾರದು. ಕಾಕಾ ಅವತ್ತು ಮುಟ್ಟಿದ ಬೆರಳ ತುದಿ ಎರಡು ದಿನ ಜೋಮು ಹಿಡಿದಿತ್ತು.

ಮನೆಯ ಮಾತು. 14.2 ಕೆಜಿ ಸಿಲಿಂಡರ್ ಎಲ್ಲರ ಮನೆಯಲ್ಲೂ ಇದೆ. ರಾತ್ರಿ ವಾಸನೆ ಬಂದರೆ ಮೊದಲು ಲೈಟ್ ಹಾಕುವ ಅಭ್ಯಾಸ ನಮಗೆ. ಹಾಕಬೇಡಿ. ಹತ್ತಿದ್ದರೆ ಆರಿಸಲೂ ಬೇಡಿ, ಸ್ವಿಚ್ಚಿನ ಒಳಗೆ ಹಾಕುವಾಗಲೂ ಕಿಡಿ, ತೆಗೆಯುವಾಗಲೂ ಕಿಡಿ. ಫ್ರಿಜ್ ತೆರೆಯಬೇಡಿ. ಕತ್ತಲಲ್ಲೇ ಬಾಗಿಲು ಕಿಟಕಿ ತೆರೆಯಿರಿ, ರೆಗ್ಯುಲೇಟರ್ ಬಂದ್ ಮಾಡಿ ತೆಗೆದು, ದಾರದಲ್ಲಿ ನೇತಾಡುವ ಆ ಪ್ಲಾಸ್ಟಿಕ್ ಮುಚ್ಚಳ ಇದೆಯಲ್ಲ, ಅದನ್ನು ಸಿಲಿಂಡರ್ ಬಾಯಿಗೆ ಟಕ್ ಅನ್ನುವ ತನಕ ಒತ್ತಿ. ಎಷ್ಟೋ ಮನೆಯಲ್ಲಿ ಆ ಮುಚ್ಚಳವನ್ನು ಕಿತ್ತು ಎಸೆದಿರುತ್ತಾರೆ! ಇವತ್ತೇ ಹೋಗಿ ನೋಡಿ, ನಿಮ್ಮದು ಇದೆಯಾ ಅಂತ. ಆಮೇಲೆ ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ, ಅದು ಅಡುಗೆ ಗ್ಯಾಸ್ ಸೋರಿಕೆಗೆ ಅಂತಲೇ ಇರುವ ನಂಬರ್. ಬೆಂಕಿ ಇದ್ದರೆ 101 ಅಥವಾ 112. ಸೋರಿಕೆ ಇದೆಯಾ ಅಂತ ಪರೀಕ್ಷೆ ಮಾಡಲು ಕಡ್ಡಿ ಗೀರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ಸಿಲಿಂಡರ್ ತಗೊಳ್ಳುವಾಗ ಮೇಲಿನ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತಾರೆ, ಅದನ್ನೂ ನೋಡಿ. ಎ ಅಂದರೆ ಮಾರ್ಚ್ ತನಕ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್ ತನಕ, ಅಂಕಿ ಅಂದರೆ ವರ್ಷ. ಆ ಅವಧಿ ದಾಟಿದ್ದರೆ ವಾಪಸ್ ಕೊಡಿ, ಸಂಕೋಚ ಬೇಡ.

ಹೊಸ ಫ್ರಿಜ್‌ಗಳ ಹಿಂದೆ ಕಂಪ್ರೆಸರ್ ಹತ್ತಿರ ಹಳದಿ ತ್ರಿಕೋನದಲ್ಲಿ ಬೆಂಕಿಯ ಚಿತ್ರ ಇರುತ್ತದೆ, ಎಷ್ಟು ಜನ ನೋಡಿದ್ದೀರಿ? ಒಳಗಿನ ಗ್ಯಾಸ್ ಆರ್-600ಎ, ಅಂದರೆ ಐಸೋಬ್ಯುಟೇನ್. ಪ್ರಮಾಣ ತೀರಾ ಕಡಿಮೆ, ಹೆದರಿಕೊಳ್ಳುವ ಹಾಗಿಲ್ಲ. ಆದರೆ ಹಳೆ ಫ್ರಿಜ್ ಅಂತ ಗುಜರಿಗೆ ಹಾಕುವಾಗ, ರಿಪೇರಿಯವರು ಪೈಪಿಗೆ ಬೆಂಕಿ ಹಿಡಿದು ಬೆಸುಗೆ ಹಾಕುವಾಗ ಅದು ನೆನಪಿರಬೇಕು. ನಮ್ಮ ಗೋಡೌನಿನಲ್ಲಿ ಈಗ ಫ್ರಿಜ್ ಮಲಗಿಸಿ ಮೇಲೆ ಭಾರ ಹೇರುವುದನ್ನು ನಿಲ್ಲಿಸಿದ್ದೇವೆ.

ಏನೇನು ಬದಲಾಯ್ತು ಅಂತ ಕೇಳಿದರೆ, ದೊಡ್ಡದೇನಿಲ್ಲ. ದೀಪದ ಹಲಗೆ ಈಗ ಗೋಡೌನಿನ ಹೊರಗೆ, ಜಗಲಿ ಮೇಲಿದೆ. ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನು ಹೊರಗಿನ ಗೋಡೆಗೆ ಹಾಕಿಸಿದ್ದೇವೆ. ಸ್ಪ್ರೇ ಡಬ್ಬಿಯ ಮೇಲೆ 50 ಡಿಗ್ರಿಗಿಂತ ಜಾಸ್ತಿ ಬಿಸಿ ತಾಗಬಾರದು ಅಂತ ಅಚ್ಚು ಮಾಡಿರುತ್ತಾರೆ, ನಮ್ಮ ಬಿಸಿಲಿಗೆ ನಿಂತ ಲಾರಿಯ ಒಳಗೆ ಎಷ್ಟಾಗುತ್ತೆ ಯೋಚಿಸಿ. ಅದಕ್ಕೇ ನಮ್ಮಲ್ಲಿ ಅಂಥ ಮಾಲು ತಗೊಳ್ಳುವುದನ್ನೇ ಬಿಟ್ಟಿದ್ದೇವೆ, ಅದಕ್ಕೆ ಬೇಕಾದ ವ್ಯವಸ್ಥೆ ಇರುವವರ ಹತ್ತಿರ ಕಳಿಸುತ್ತೇವೆ. ಕೌಂಟರಿನಲ್ಲಿ ನಾನು ಒಳಗೆ ಏನಿದೆ ಅಂತ ಕೇಳುತ್ತೇನೆ, ಉತ್ತರ ಬರೀ ‘ಸಾಮಾನು’ ಅಂತ ಬಂದರೆ ಇನ್ನೊಮ್ಮೆ ಕೇಳುತ್ತೇನೆ, ಆಮೇಲೆ ತೆರೆಸುತ್ತೇನೆ. ಕೆಲವರು ಸಿಟ್ಟಾಗುತ್ತಾರೆ, ಬೇರೆ ಟ್ರಾನ್ಸ್‌ಪೋರ್ಟಿಗೆ ಹೋಗುತ್ತಾರೆ. ಹೋಗಲಿ.

ಕಳೆದ ವಾರ ಧಾರವಾಡದಿಂದ ಒಬ್ಬ ಅಮ್ಮಾರು ಬಂದಿದ್ದರು, ಬೆಂಗಳೂರಿನ ಮಗನಿಗೆ ಒಂದು ಬಾಕ್ಸ್ ಕಳಿಸಲು. ಶೇಂಗಾ ಚಟ್ನಿ, ಕಟಕ ರೊಟ್ಟಿ, ಒಂದು ಕೌದಿ. ತೆರೆಸಿದೆ. ಕೌದಿಯ ಮಡಿಕೆಯಲ್ಲಿ ಜಿರಳೆ ಹೊಡೆಯುವ ಸ್ಪ್ರೇ ಎರಡು ಡಬ್ಬಿ ಇದ್ದವು. ಇದು ಆಗಲ್ಲ ಅಮ್ಮಾರ ಅಂದೆ. ಮುಖ ಸಣ್ಣದು ಮಾಡಿದರು. ಡಬ್ಬಿ ತಿರುಗಿಸಿ ಆ ಬೆಂಕಿಯ ಚಿತ್ರ ತೋರಿಸಿದೆ, ಗೋಡೌನಿನ ಕಥೆ ಹೇಳಿದೆ. ಕೇಳಿದರು. ಎರಡೂ ಡಬ್ಬಿ ತೆಗೆದು ಕೈಚೀಲಕ್ಕೆ ಹಾಕಿಕೊಂಡರು. ಹಾಕಿಕೊಂಡವರು ಅಲ್ಲೇ ನಿಂತರು.

"ತಮ್ಮಾ, ಮನ್ಯಾಗ ಇದನ್ನ ಒಲಿ ಮಗ್ಗಲಕ ಇಟ್ಟೀನಲ್ಲೋ?"

"ಅಲ್ಲಿ ಬ್ಯಾಡ್ರಿ ಅಮ್ಮಾರ. ಬಿಸಿ ತಾಗಬಾರದು ಅದಕ್ಕ."

ಬಿಲ್ಟಿ ಬರೆಯುವುದು ಮುಗಿಯುವ ತನಕವೂ ಅವರು ಕಾಯಲಿಲ್ಲ. ಫೋನ್ ತೆಗೆದು ಸೊಸೆಗೆ ಹಚ್ಚಿದರು. "ಒಲಿ ಮಗ್ಗಲಕಿನ ಆ ಜಿರಳಿ ಡಬ್ಬಿ ತಗದು ಪಡಸಾಲಿ ಮಾಡದಾಗ ಇಡವಾ. ಹಾಂ, ಈಗ. ನಾ ಫೋನ್ ಹಿಡಕೊಂಡಿರ್ತೀನಿ, ನೀ ಇಟ್ಟ ಬಾ."